ಬಲಮುರಿ, ಎಡಮುರಿ ಮತ್ತು ಮೊಟ್ಟೆಯೊಳಗಿನ ಹುರಿ

ನಮ್ಮ ದೊಡ್ಡತ್ತೆಯ ದೇವರ ಗೂಡಿನಲ್ಲಿ ಎರಡು ಶಂಖಗಳಿವೆ. ಒಂದು ಅಜ್ಜನ ಕಾಲದ್ದು. ಊದಿ ಊದಿ ತುದಿ ಸವೆದು, ಬಿಳಿಯ ಮೈ ಹಳದಿಗೆ ತಿರುಗಿದೆ. ಇನ್ನೊಂದನ್ನು ಅತ್ತೆ ಕೆಲವು ವರ್ಷಗಳ ಹಿಂದೆ ತೀರ್ಥಯಾತ್ರೆಗೆ ಹೋದಾಗ, ಬಲಮುರಿ ಶಂಖವೆಂದು ನಂಬಿ, ಎರಡು ವರ್ಷ ಅಡಿಕೆ ಮಾರಿ ಉಳಿಸಿದ್ದ ದುಡ್ಡನ್ನು ಕೊಟ್ಟು ತಂದಿದ್ದರು. ಕಳೆದ ಶ್ರಾವಣದ ಒಂದು ಶನಿವಾರ ಪೂಜೆ ಮುಗಿದ ಮೇಲೆ ಅದನ್ನು ನನ್ನ ಕೈಗಿಟ್ಟು, "ನೀನು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳಲ್ಲವೇ, ಇದು ನಿಜವಾದ ಬಲಮುರಿಯೋ ಅಲ್ಲವೋ ನೋಡಿ ಹೇಳು" ಎಂದರು. ಬಹಳ ದಿನದಿಂದ ಕೇಳಬೇಕೆಂದಿದ್ದು, ಉತ್ತರಕ್ಕೆ ಹೆದರಿ ಸುಮ್ಮನಿದ್ದರೆಂದು ಅವರ ಮುಖ ನೋಡಿದಾಗಲೇ ತಿಳಿಯಿತು.

ಪೂಜೆಯ ಶಂಖವೆಂದರೆ ಟರ್ಬಿನೆಲ್ಲ ಪೈರಮ್ ಎಂಬ ಜಾತಿಯ ಕಡಲ ಹುಳುವಿನ ಚಿಪ್ಪು. ತಮಿಳುನಾಡು ಮತ್ತು ಶ್ರೀಲಂಕೆಯ ನಡುವಿನ ಮನ್ನಾರ್ ಕೊಲ್ಲಿ ಅದರ ಹೆಸರಾಂತ ನೆಲೆ. ಆ ಜಾತಿಯ ಚಿಪ್ಪುಗಳೆಲ್ಲ ಸಾಮಾನ್ಯವಾಗಿ ಒಂದೇ ಕಡೆಗೆ ಸುತ್ತಿಕೊಂಡಿರುತ್ತವೆ. ಎಲ್ಲೋ ಅಪರೂಪಕ್ಕೆ ಒಂದು ಅದರ ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ, ಅದೇ ಬಲಮುರಿ. ಹೆಸರಿನಲ್ಲಿ ಒಂದು ತೊಡಕಿದೆ, ಅದನ್ನು ಮೊದಲೇ ಬಿಡಿಸಿಡುವುದು ಒಳ್ಳೆಯದು. ಜೀವವಿಜ್ಞಾನಿಗಳು ಚಿಪ್ಪಿನ ಚೂಪು ತುದಿಯನ್ನು, ಅಂದರೆ ನಾವು ಊದುವ ತುದಿಯನ್ನು, ಮೇಲೆ ಮಾಡಿ ಹಿಡಿದು, ಬಾಯಿ ಬಲಗಡೆಗೆ ತೆರೆದಿದ್ದರೆ ಬಲಸುತ್ತು ಎನ್ನುತ್ತಾರೆ. ನಮ್ಮವರು ತೀರ್ಥ ಸುರಿಯುವ ಮೂತಿಯನ್ನು ಮೇಲೆ ಮಾಡಿ ಹಿಡಿದು ನೋಡುತ್ತಾರೆ. ಹಾಗಾಗಿ ನಾವು ಬಲಮುರಿ ಎಂದು ಪೂಜಿಸುವ ಶಂಖ ವಿಜ್ಞಾನದ ಲೆಕ್ಕದಲ್ಲಿ ಎಡಸುತ್ತಿನದು. ಹಿಡಿಯುವ ರೀತಿ ಬೇರೆಯಾದ್ದರಿಂದ ಹೆಸರು ಬೇರೆಯಾಯಿತೇ ಹೊರತು, ಇಬ್ಬರೂ ಬೆರಳು ಮಾಡಿ ತೋರಿಸುತ್ತಿರುವ ಚಿಪ್ಪು ಒಂದೇ. ಮುಂದೆ ಈ ಬರಹದಲ್ಲಿ ಎಡ, ಬಲ ಎಂದಲ್ಲೆಲ್ಲ ವಿಜ್ಞಾನದ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ.

ಅತ್ತೆಯ ಶಂಖ ಎಡಸುತ್ತಿನದೇ ಆಗಿತ್ತು. ಆದರೆ ಅದರ ಬಾಯೊಳಗೆ ಬೆರಳಾಡಿಸಿದಾಗ ನಡುಗಂಬದ ಮೇಲೆ ಇರಬೇಕಾದ ಮೂರು ನಾಲ್ಕು ಏಣುಗಳು ಸಿಗಲಿಲ್ಲ; ಅಲ್ಲಿ ನುಣುಪಾಗಿತ್ತು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಲೈಟ್ನಿಂಗ್ ವೆಲ್ಕ್ ಎಂಬ ಬೇರೆಯೇ ಜಾತಿಯ ಹುಳುವಿದೆ, ಅದಕ್ಕೆ ಎಡಸುತ್ತೇ ಸಹಜ. ಅದರ ಚಿಪ್ಪು ನಮ್ಮಲ್ಲಿ ಬಲಮುರಿಯೆಂದು ಮಾರಾಟವಾಗುವುದು ಹೊಸದೇನಲ್ಲ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಕೇಳಿದ್ದು ದುಡ್ಡಿನ ಮಾತಲ್ಲ: "ಹಾಗಾದರೆ ನಿಜವಾದ ಬಲಮುರಿಯೂ ಅದೇ ಹುಳು, ಅದೇ ಕಡಲು, ಅದೇ ನೀರು. ನೀನು ಮಾತ್ರ ಹೀಗೆ ತಿರುಗು ಎಂದು ಅದಕ್ಕೆ ಹೇಳಿದ್ದು ಯಾರು?"

ಈ ಪ್ರಶ್ನೆಯನ್ನು ನಾನು ಮನೆಗೆ ತಂದೆ. ಬಿ.ಎಸ್ಸಿ. ಓದುವಾಗ ತಾಯಿಯ ಪ್ರಭಾವದ ಆನುವಂಶಿಕತೆ ಎಂಬ ಪಾಠದಲ್ಲಿ ಬಸವನ ಹುಳುವಿನ ಉದಾಹರಣೆಯನ್ನು ಬಾಯಿಪಾಠ ಮಾಡಿದ್ದೆ. ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಎರಡು ಸಾಲಿನಲ್ಲಿ ಮುಗಿಸುತ್ತ ಬಂದಿದ್ದೇನೆ. ಆ ಎರಡು ಸಾಲುಗಳ ಹಿಂದೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚಿನ ಹುಡುಕಾಟವಿದೆಯೆಂದೂ, ಅದರ ಕೊನೆಯ ತುಂಡುಗಳು ಇತ್ತೀಚೆಗಷ್ಟೇ ಕೂಡಿಕೊಂಡವೆಂದೂ ಅತ್ತೆಯ ನೆಪದಿಂದ ಓದಿ ತಿಳಿದುಕೊಂಡೆ.

ಮೊದಲು ತೋಟದಲ್ಲಿ ನೋಡಿದ್ದನ್ನು ಹೇಳುತ್ತೇನೆ. ಮಳೆ ಹಿಡಿದ ಮೇಲೆ ನಮ್ಮ ಅಡಿಕೆ ತೋಟಕ್ಕೆ ಆಫ್ರಿಕದ ದೈತ್ಯ ಬಸವನ ಹುಳುಗಳು ನುಗ್ಗುತ್ತವೆ. ಆರಿಸಿ ಬಕೆಟ್ಟಿಗೆ ತುಂಬುವ ಕೆಲಸದ ನಡುವೆ ಒಂದು ಬೆಳಗ್ಗೆ 60ಕ್ಕೂ ಹೆಚ್ಚು ಹುಳುಗಳ ಬಾಯಿ ಯಾವ ಕಡೆಗಿದೆಯೆಂದು ಒಂದೊಂದಾಗಿ ನೋಡಿದೆ. ಎಲ್ಲವೂ ಬಲ, ಒಂದಕ್ಕೂ ಅಪವಾದವಿಲ್ಲ. ಆದರೆ ಇದೇ ಪಶ್ಚಿಮ ಘಟ್ಟಗಳ ಅರಿಯೋಫಾಂಟ ಕುಲದ ಬಸವನ ಹುಳುಗಳಲ್ಲಿ ಎಡಸುತ್ತೇ ವಾಡಿಕೆ. ದಿಕ್ಕು ಎನ್ನುವುದು ಚಿಪ್ಪಿನ ಅಲಂಕಾರವೂ ಅಲ್ಲ. ಎಡಸುತ್ತಿನ ಹುಳುವಿನ ಒಳಗಿನ ಅಂಗಗಳ ಜೋಡಣೆಯೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತದೆ. ಚಿಪ್ಪು ಈ ನಿರ್ಧಾರದ ಹೊರಗೆ ಕಾಣುವ ಗುರುತು ಮಾತ್ರ. ನಿರ್ಧಾರವಾಗುವುದು ಚಿಪ್ಪು ಮೂಡುವುದಕ್ಕೆ ಬಹಳ ಮುಂಚೆ.

ಎಷ್ಟು ಮುಂಚೆ ಎಂಬುದರ ಸುಳಿವು ಸಿಕ್ಕಿದ್ದು 1894ರಲ್ಲಿ. ಬಸವನ ಹುಳುವಿನ ಫಲಿತ ಮೊಟ್ಟೆ ಮೊದಲು ಎರಡು, ಆಮೇಲೆ ನಾಲ್ಕು ಕೋಶಗಳಾಗಿ ಒಡೆಯುತ್ತದೆ. ನಾಲ್ಕು ಎಂಟಾಗುವಾಗ ಮೇಲೆ ಹುಟ್ಟುವ ನಾಲ್ಕು ಪುಟ್ಟ ಕೋಶಗಳು ಕೆಳಗಿನ ದೊಡ್ಡ ಕೋಶಗಳ ನೆತ್ತಿಯ ಮೇಲೆ ನೇರವಾಗಿ ಕೂರುವುದಿಲ್ಲ. ಒಂದಿಷ್ಟು ತಿರುಗಿ, ಎರಡು ಕೋಶಗಳ ನಡುವಿನ ತಗ್ಗಿನಲ್ಲಿ ಕೂರುತ್ತವೆ. ಬಲಸುತ್ತಿನ ಜಾತಿಗಳಲ್ಲಿ ಈ ತಿರುಗುವಿಕೆ, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ. ಹೆನ್ರಿ ಕ್ರ್ಯಾಂಪ್ಟನ್ ಎಂಬ ಅಮೆರಿಕದ ಜೀವವಿಜ್ಞಾನಿ ಫೈಸ ಎಂಬ ಎಡಸುತ್ತಿನ ಹುಳುವಿನ ಮೊಟ್ಟೆಯಲ್ಲಿ ಅದು ತಿರುವುಮುರುವಾಗಿರುವುದನ್ನು ಕಂಡರು. ಎಂಟೇ ಕೋಶಗಳ, ಹುಳುವೆಂದು ಹೇಳಲಾಗದ ಒಂದು ಮುದ್ದೆಯಲ್ಲಿ ಮುಂದಿನ ಚಿಪ್ಪಿನ ದಿಕ್ಕು ಆಗಲೇ ಗೊತ್ತಾಗಿ ಹೋಗಿರುತ್ತದೆ.

1923ರಲ್ಲಿ ಇಂಗ್ಲೆಂಡಿನ ಬಾಯ್ಕಾಟ್ ಮತ್ತು ಡೈವರ್, ಲೀಡ್ಸ್ ಬಳಿಯ ಕೊಳದಲ್ಲಿ ಸಿಕ್ಕಿದ, ಲಿಮ್ನಿಯಾ ಎಂಬ ಕುಲದ ಎಡಸುತ್ತಿನ ಬಸವನ ಹುಳುಗಳನ್ನು ಸಾಕಿ, ಪೀಳಿಗೆಯಿಂದ ಪೀಳಿಗೆಗೆ ಮರಿಗಳನ್ನು ಎಣಿಸಿ, ತಮಗೆ ಸಿಕ್ಕಿದ ಗೋಜಲಿನ ಲೆಕ್ಕವನ್ನು ಪ್ರಕಟಿಸಿದರು. ಒಂದು ತಾಯಿಯ ಮರಿಗಳೆಲ್ಲ ಸಾಮಾನ್ಯವಾಗಿ ಒಂದೇ ದಿಕ್ಕಿನವು; ಮೆಂಡೆಲ್ ಹೇಳಿದ ಮೂರಕ್ಕೊಂದರ ಅನುಪಾತ ಒಂದೇ ಸಂಸಾರದೊಳಗೆ ಕಾಣುತ್ತಲೇ ಇರಲಿಲ್ಲ. ಅದೇ ವರ್ಷ, ಅಮೆರಿಕದ ತಳಿವಿಜ್ಞಾನಿ ಮಾರ್ಗನ್ನರ ಹಣ್ಣುನೊಣದ ಪ್ರಯೋಗಾಲಯದಲ್ಲಿ ಪಳಗಿದ್ದ ಆಲ್ಫ್ರೆಡ್ ಸ್ಟರ್ಟಿವಂಟ್ ಆ ಗೋಜಲನ್ನು ಒಂದು ಪುಟ್ಟ ಟಿಪ್ಪಣಿಯಲ್ಲಿ ಬಿಡಿಸಿದರು. ಜೀನ್ ಒಂದೇ, ಒಂದೊಂದು ಹುಳುವಿನಲ್ಲೂ ಅದರ ಎರಡೆರಡು ಪ್ರತಿಗಳು, ಬಲದ ಪ್ರತಿ ಪ್ರಬಲ, ಅಂದರೆ ಅದು ಒಂದಿದ್ದರೂ ಸಾಕು, ಎಲ್ಲವೂ ಮೆಂಡೆಲ್ ಹೇಳಿದಂತೆಯೇ. ಆದರೆ ಮರಿಯ ದಿಕ್ಕನ್ನು ತೀರ್ಮಾನಿಸುವುದು ಮರಿಯ ಜೀನ್ ಅಲ್ಲ, ತಾಯಿಯ ಜೀನ್.

ಇದರ ಅರ್ಥವನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಎಡದ ಪ್ರತಿಗಳೆರಡನ್ನೂ ಹೊತ್ತ ತಾಯಿಗೆ ಬಲದ ತಂದೆಯಿಂದ ಮರಿಗಳಾದರೆ, ಅವು ತಂದೆಯಿಂದ ಬಲದ ಪ್ರಬಲ ಪ್ರತಿಯನ್ನು ಪಡೆದಿದ್ದರೂ ಎಡಕ್ಕೇ ಸುತ್ತುತ್ತವೆ. ಆ ಎಡಸುತ್ತಿನ ಮರಿಗಳು ಬೆಳೆದು ತಾವೇ ಮೊಟ್ಟೆಯಿಟ್ಟಾಗ, ಅವುಗಳ ಮಕ್ಕಳೆಲ್ಲ ಬಲಕ್ಕೆ ಸುತ್ತುತ್ತವೆ. ಈ ಹುಳುಗಳು ಗಂಡೂ ಹೆಣ್ಣೂ ಒಂದೇ ಮೈಯಲ್ಲಿರುವಂಥವು, ತಮ್ಮಷ್ಟಕ್ಕೆ ತಾವೇ ಫಲಿಸಬಲ್ಲವು. ಹಾಗೆ ಫಲಿಸಿದಾಗ ಹುಟ್ಟುವ ಮೊಮ್ಮಕ್ಕಳಲ್ಲಿ ನಾಲ್ಕರಲ್ಲೊಂದು ಭಾಗಕ್ಕೆ ಎಡದ ಪ್ರತಿಗಳು ಮಾತ್ರ ಇದ್ದರೂ ಅವೂ ಬಲಕ್ಕೇ ಸುತ್ತುತ್ತವೆ, ಮತ್ತು ತಮ್ಮ ಎಡತನವನ್ನು ತಮ್ಮ ಮಕ್ಕಳಲ್ಲಿ ತೋರಿಸುತ್ತವೆ. ಪ್ರತಿ ಹುಳುವೂ ಹೊತ್ತು ತಿರುಗುವುದು ತನ್ನ ತಾಯಿಯ ವಂಶವಾಹಿಯ ಗುರುತನ್ನು. ಇಷ್ಟು ವರ್ಷ ಇದನ್ನು ಚೌಕಳಿ ಹಾಕಿ ಲೆಕ್ಕವಾಗಿ ಕಲಿಸಿದ್ದೇನೆ. ಆ ದಿನ ಅದು ಲೆಕ್ಕವೆನಿಸಲಿಲ್ಲ. ಮರಿಯ ಸ್ವಂತ ಜೀನ್‌ಗಳು ಕೆಲಸಕ್ಕೆ ತೊಡಗುವ ಮೊದಲೇ ತಾಯಿ ಮೊಟ್ಟೆಯೊಳಗೆ ಏನೋ ಒಂದನ್ನು ಇಟ್ಟು ಕಳಿಸಿರುತ್ತಾಳೆ.

ಆ ಬುತ್ತಿಯಲ್ಲಿ ನಿಜವಾಗಿಯೂ ವಸ್ತುವೊಂದಿದೆಯೆಂದು ಫ್ರೀಮನ್ ಮತ್ತು ಲುಂಡೀಲಿಯಸ್ 1982ರಲ್ಲಿ ತೋರಿಸಿದರು. ಬಲಸುತ್ತಿನ ಮೊಟ್ಟೆಯ ಒಳದ್ರವವನ್ನು ಸೂಜಿಯಿಂದ ತೆಗೆದು ಎಡಸುತ್ತಿನ ಮೊಟ್ಟೆಗೆ ಚುಚ್ಚಿದಾಗ ಅದು ಬಲಕ್ಕೆ ಒಡೆಯಿತು. ಎಡದ ದ್ರವವನ್ನು ಬಲದ ಮೊಟ್ಟೆಗೆ ಚುಚ್ಚಿದಾಗ ಏನೂ ಬದಲಾಗಲಿಲ್ಲ. ಬಲದ ಮೊಟ್ಟೆಯಲ್ಲಿ ಏನೋ ಇದೆ, ಎಡದ ಮೊಟ್ಟೆಯಲ್ಲಿ ಅದು ಇಲ್ಲ.

ಆ 'ಏನೋ' ಯಾವುದೆಂದು ಹೇಳಲು ಕೋಶಪಂಜರದ ಬಗ್ಗೆ ಹೇಳಬೇಕು. ಸೈಟೋಸ್ಕೆಲಿಟನ್ ಎಂಬ ಪದವನ್ನು ನಾವು ಕೋಶಪಂಜರವೆಂದು ಕನ್ನಡಿಸುತ್ತೇವೆ, ಮಕ್ಕಳು ಅದನ್ನು ಮೂಳೆಗಳಂಥ ಗಟ್ಟಿ ಚೌಕಟ್ಟೆಂದು ಭಾವಿಸುತ್ತಾರೆ. ಈ ಅನುವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಅದು ಕ್ಷಣಕ್ಷಣಕ್ಕೂ ಕಟ್ಟಿ ಬಿಚ್ಚಿ ಮತ್ತೆ ಕಟ್ಟುವ ಹಗ್ಗಗಳ ಜಾಲ. ಆ ಹಗ್ಗಗಳಲ್ಲಿ ಮುಖ್ಯವಾದದ್ದು ಆಕ್ಟಿನ್. 1942ರಲ್ಲಿ ಹಂಗೇರಿಯ ಸೆಗೆಡ್ ನಗರದಲ್ಲಿ ಬ್ರೂನೋ ಸ್ಟ್ರೌಬ್ ಸ್ನಾಯುವಿನಿಂದ ಬೇರ್ಪಡಿಸಿದ ಈ ಪ್ರೋಟೀನು ಸ್ನಾಯುವಿನಲ್ಲಿ ಮಾತ್ರವಲ್ಲ, ಪ್ರಾಣಿಗಳ ಕೋಶಗಳಲ್ಲೆಲ್ಲ ಇದೆ. ಆಕ್ಟಿನ್ನಿನ ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ಎಳೆಯಾಗುತ್ತವೆ. ಆ ಎಳೆಯ ದಪ್ಪ ಸುಮಾರು 7 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಏಳು ಭಾಗ. ನೋಡಲು ಅದು ಎರಡೆಳೆ ಹೊಸೆದ ಹುರಿಯಂತಿದೆ, ಸುಮಾರು 36 ನ್ಯಾನೊಮೀಟರಿಗೊಮ್ಮೆ ಎರಡೆಳೆಗಳು ಒಂದನ್ನೊಂದು ದಾಟುತ್ತವೆ. ಮುಖ್ಯವಾದ ಮಾತೆಂದರೆ, ಆ ಹುರಿಯ ದಿಕ್ಕು ಎಂದಿಗೂ ಬದಲಾಗುವುದಿಲ್ಲ. ಹುಳುವಿನಲ್ಲೂ ನೊಣದಲ್ಲೂ ನಮ್ಮಲ್ಲೂ ಅದು ಬಲಹುರಿಯೇ.

ಆದರೆ ಹಗ್ಗ ತನ್ನಷ್ಟಕ್ಕೆ ತಾನು ಮನೆ ಕಟ್ಟುವುದಿಲ್ಲ. ಎಲ್ಲಿ ಎಳೆ ಶುರುವಾಗಬೇಕು, ಎಷ್ಟು ಉದ್ದವಾಗಬೇಕು, ಎಲ್ಲಿ ಕವಲೊಡೆಯಬೇಕು, ಎಲ್ಲಿ ತುಂಡಾಗಬೇಕು ಎಂದು ನೋಡಿಕೊಳ್ಳುವ ಪ್ರೋಟೀನುಗಳ ದೊಡ್ಡ ಬಳಗವೇ ಇದೆ. ಅವುಗಳಲ್ಲೊಂದು ಮನೆತನ ಫಾರ್ಮಿನ್. ಎರಡು ಫಾರ್ಮಿನ್ ಅಣುಗಳು ಕೈ ಕೈ ಹಿಡಿದು ಉಂಗುರದಂತಾಗಿ, ಬೆಳೆಯುತ್ತಿರುವ ಎಳೆಯ ತುದಿಯನ್ನು ಸುತ್ತುವರಿಯುತ್ತವೆ, ಬಿಡದೆ ತುದಿಯಲ್ಲೇ ಉಳಿದು ಹೊಸ ಆಕ್ಟಿನ್ ಗುಂಡುಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುತ್ತವೆ. ಇಲ್ಲಿ ಎಳೆಯ ಹುರಿ ತನ್ನ ಕೆಲಸ ತೋರಿಸುತ್ತದೆ. ತಿರುಪು ಮೊಳೆಯ ಮೇಲೆ ನಟ್ಟು ಮುಂದೆ ಸಾಗಬೇಕಾದರೆ ನಟ್ಟು ತಿರುಗಬೇಕು. ನಟ್ಟನ್ನು ತಗಡಿಗೆ ಬೆಸೆದುಬಿಟ್ಟರೆ ಮೊಳೆಯೇ ತಿರುಗಬೇಕಾಗುತ್ತದೆ. ಫಾರ್ಮಿನ್ ಹುರಿಯ ಜಾಡು ಹಿಡಿದು ಸುತ್ತುತ್ತ ಸಾಗುತ್ತದೆಂದು 2011ರಲ್ಲಿ ಜಪಾನಿನ ಸಂಶೋಧಕರು ಒಂದೊಂದೇ ಎಳೆಯನ್ನು ಸೂಕ್ಷ್ಮದರ್ಶಕದಡಿ ಗಮನಿಸಿ ತೋರಿಸಿದರು. ಕೋಶದ ಪೊರೆಗೆ ಅಂಟಿಕೊಂಡ ಫಾರ್ಮಿನ್ ಎಳೆ ಬೆಳೆಸಿದಂತೆಲ್ಲ ಎಳೆ ತನ್ನ ಸುತ್ತ ತಾನೇ ತಿರುಗುತ್ತದೆ, ಅದೂ ಯಾವಾಗಲೂ ಒಂದೇ ದಿಕ್ಕಿಗೆ. ಅಂಥ ಎಷ್ಟೋ ಎಳೆಗಳು ಒಟ್ಟಿಗೆ ತಿರುಗಿದರೆ ಇಡೀ ಕೋಶಕ್ಕೇ ಒಂದು ತಿರುಚು ಬರಬಹುದು.

ರೇಕೋ ಕುರೋಡ ಎಂಬ ಜಪಾನಿನ ವಿಜ್ಞಾನಿ ಮೂಲತಃ ರಸಾಯನಶಾಸ್ತ್ರದವರು. ಎಡಗೈ ಬಲಗೈಗಳಂತೆ ಒಂದರ ಮೇಲೊಂದು ಕೂರದ ಅಣುಗಳ ಹರಳುಗಳನ್ನು ಅಧ್ಯಯನ ಮಾಡುತ್ತಿದ್ದವರು ಅದೇ ಪ್ರಶ್ನೆಯ ಬೆನ್ನು ಹತ್ತಿ ಬಸವನ ಹುಳುವಿನ ಬಳಿಗೆ ಬಂದರು. ಅವರ ತಂಡ 2004ರಲ್ಲಿ ಕಂಡುಕೊಂಡ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು: ಬಲದ ಮೊಟ್ಟೆಯೂ ಎಡದ ಮೊಟ್ಟೆಯೂ ಪರಸ್ಪರ ಕನ್ನಡಿಯ ಬಿಂಬಗಳಲ್ಲ. ಮೂರನೆಯ ಒಡೆತದಲ್ಲಿ ಬಲದ ಮೊಟ್ಟೆಯ ನಾಲ್ಕು ಕೋಶಗಳೂ ಒಡೆಯುವ ಮೊದಲೇ ಒಟ್ಟಾಗಿ ತಿರುಚಿಕೊಳ್ಳುತ್ತವೆ. ಎಡದ ಮೊಟ್ಟೆಯಲ್ಲಿ ಆ ತಿರುಚು ಇಲ್ಲ. ಪುಟ್ಟ ಕೋಶಗಳು ನೆಟ್ಟಗೆ ಮೂಡಿ, ಆಮೇಲೆ ಎಡಕ್ಕೆ ಜಾರಿ ಕೂರುತ್ತವೆ. 1982ರ ಸೂಜಿಯ ಪ್ರಯೋಗ ಹೇಳಿದ್ದೂ ಇದನ್ನೇ, ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. 'ಎಡಕ್ಕೆ ತಿರುಗಿಸುವ ಜೀನ್' ಎಂದು ನಾವು ತರಗತಿಯಲ್ಲಿ ಸಲೀಸಾಗಿ ಹೇಳುವ ಮಾತು ಹೀಗೆ ತಪ್ಪಾಗುತ್ತದೆ. ಬಲಕ್ಕೆ ತಿರುಚುವ ಒಂದು ಕೈ ಇದೆ, ಆ ಕೈ ಕೆಟ್ಟರೆ ಹುಳು ಎಡಕ್ಕೆ ಹೋಗುತ್ತದೆ.

2009ರಲ್ಲಿ ಅದೇ ತಂಡ ಮಾಡಿದ ಪ್ರಯೋಗವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲಿಮ್ನಿಯಾದ ಮೊಟ್ಟೆಯ ಅಗಲ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದು ನಾಲ್ಕರಿಂದ ಎಂಟು ಕೋಶಗಳಾಗುತ್ತಿರುವಾಗ ಕೂದಲಿನಷ್ಟು ಸಣ್ಣ ಗಾಜಿನ ಕಡ್ಡಿಗಳಿಂದ ಮೇಲಿನ ಪುಟ್ಟ ಕೋಶಗಳನ್ನು ಮೆಲ್ಲಗೆ ವಿರುದ್ಧ ದಿಕ್ಕಿಗೆ ತಳ್ಳಿದರು. ಜೀನ್ ಮುಟ್ಟಲಿಲ್ಲ, ಔಷಧಿ ಹಾಕಲಿಲ್ಲ, ತಳ್ಳಿದ್ದಷ್ಟೇ. ಬಲದ ವಂಶವಾಹಿಯ ಆ ಮೊಟ್ಟೆಗಳು ಎಡಸುತ್ತಿನ, ಆರೋಗ್ಯವಂತ ಹುಳುಗಳಾಗಿ ಬೆಳೆದವು. ನೋಡಲ್ ಎಂಬ ಜೀನ್ ಭ್ರೂಣದ ಒಂದು ಮಗ್ಗುಲಲ್ಲಿ ಮಾತ್ರ ಎಚ್ಚರಗೊಂಡು ಎಡಬಲಗಳನ್ನು ಗೊತ್ತುಮಾಡುತ್ತದೆ. ತಳ್ಳಿಸಿಕೊಂಡ ಮೊಟ್ಟೆಗಳಲ್ಲಿ ಅದು ಎಚ್ಚರಗೊಳ್ಳುವ ಮಗ್ಗುಲೂ ಬದಲಾಗಿತ್ತು. ಜೀನ್ ಆಜ್ಞೆ ಕೊಡುತ್ತದೆ, ಕೋಶ ಪಾಲಿಸುತ್ತದೆ ಎಂದು ತಿಳಿದಿದ್ದ ನನಗೆ, ಕೋಶಗಳು ಕುಳಿತ ಜಾಗವನ್ನು ನೋಡಿಕೊಂಡು ಜೀನ್ ಎಚ್ಚರಗೊಳ್ಳುತ್ತದೆಂಬುದು ಹೊಸ ತಿಳಿವಳಿಕೆಯಾಗಿತ್ತು.

ಸ್ಟರ್ಟಿವಂಟ್ ಹೇಳಿದ ಆ ಒಂದು ಜೀನ್ ಯಾವುದೆಂದು ಹೆಸರು ಹಿಡಿದು ಹೇಳಲು 2016ರವರೆಗೆ ಕಾಯಬೇಕಾಯಿತು. ಬ್ರಿಟನ್ನಿನ ನಾಟಿಂಗ್‌ಹ್ಯಾಮಿನ ಆಂಗಸ್ ಡೇವಿಸನ್ ಅವರ ತಂಡ ಮತ್ತು ಕುರೋಡ ಅವರ ತಂಡ, ಬೇರೆ ಬೇರೆಯಾಗಿ, ಒಂದೇ ಉತ್ತರಕ್ಕೆ ಬಂದವು. ಲಿಮ್ನಿಯಾ ಸ್ಟಾಗ್ನಾಲಿಸ್ ಎಂಬ ಕೊಳದ ಹುಳುವಿನಲ್ಲಿ ಡಯಾಫನಸ್ ವರ್ಗದ ಫಾರ್ಮಿನ್ ಜೀನ್ ಅಕ್ಕಪಕ್ಕದಲ್ಲಿ ಎರಡು ಪ್ರತಿಗಳಾಗಿದೆ. ಎಡಸುತ್ತಿನ ಹುಳುಗಳಲ್ಲಿ ಅವುಗಳ ಪೈಕಿ ಒಂದರ ಓದಿನ ಸಾಲು ಅಕ್ಷರ ತಪ್ಪಿ ಮುರಿದಿದೆ, ಪ್ರೋಟೀನು ಪೂರ್ತಿಯಾಗುವುದಿಲ್ಲ. ಫಾರ್ಮಿನ್ ತಡೆಯುವ ಔಷಧಿಯನ್ನು ಬಲದ ಮೊಟ್ಟೆಗಳಿಗೆ ಕೊಟ್ಟಾಗ ಅವೂ ಬಲದ ತಿರುಚನ್ನು ಕಳೆದುಕೊಂಡವು. ಆದರೂ ಹತ್ತಿರದ ಬೇರೆ ಜೀನ್ ಕಾರಣವಾಗಿರಬಹುದೆಂಬ ಸಂದೇಹ ಉಳಿದಿತ್ತು. ಅದನ್ನು 2019ರಲ್ಲಿ ಮಸನೊರಿ ಅಬೆ ಮತ್ತು ಕುರೋಡ ನಿವಾರಿಸಿದರು. ಬೇಕಾದ ಜೀನನ್ನೇ ಆರಿಸಿ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಆ ಒಂದೇ ಜೀನನ್ನು ಮುರಿದಾಗ, ಬಲಸುತ್ತಿನ ವಂಶದ ತಾಯಿಯರು ಎಡಸುತ್ತಿನ ಮರಿಗಳನ್ನು ಹಡೆದರು. ಜೊತೆಗೆ ಇನ್ನೊಂದನ್ನೂ ಗಮನಿಸಿದರು: ಬಲ ಎಡಗಳ ವ್ಯತ್ಯಾಸ ಮೂರನೆಯ ಒಡೆತಕ್ಕೆ ಕಾಯುವುದೇ ಇಲ್ಲ, ಮೊಟ್ಟೆ ಇನ್ನೂ ಒಂದೇ ಕೋಶವಾಗಿರುವಾಗಲೇ ಅದರ ಸುಳಿವು ಕಾಣುತ್ತದೆ.

ತಾಯಿ ಮೊಟ್ಟೆಯಲ್ಲಿ ಇಟ್ಟು ಕಳಿಸುವ ಬುತ್ತಿ ಇದೇ. ಚಿಪ್ಪಿನ ಚಿತ್ರವೂ ಅಲ್ಲ, ನಕ್ಷೆಯೂ ಅಲ್ಲ. ಹಗ್ಗ ಹೊಸೆಯುವ ಒಂದು ಜೊತೆ ಕೈ.

ಈ ಸಾಕ್ಷ್ಯ ಇಷ್ಟು ಪೂರ್ಣವಾಗಿ ಸಲ್ಲುವುದು ಲಿಮ್ನಿಯಾಗೆ ಮಾತ್ರ, ನಮ್ಮ ಶಂಖಕ್ಕೆ ಇದನ್ನು ಹಾಗೆಯೇ ಹೊದಿಸಬಾರದು. ಆದರೆ ಆಕ್ಟಿನ್ನಿನ ಹುರಿಯಿಂದ ಮೈಯ ದಿಕ್ಕು ಹುಟ್ಟುವುದು ಬಸವನ ಹುಳುವಿನ ಮನೆಯ ಗುಟ್ಟು ಮಾತ್ರವೂ ಅಲ್ಲ. ಹಣ್ಣುನೊಣದ ಗಂಡಿನಲ್ಲಿ ಜನನಾಂಗ ಬೆಳೆಯುವಾಗ ಪೂರ್ತಿ 360 ಡಿಗ್ರಿ ಒಂದೇ ದಿಕ್ಕಿಗೆ ಸುತ್ತುತ್ತದೆ, ಕರುಳೂ ಒಂದೇ ಕಡೆಗೆ ಮಡಚಿಕೊಳ್ಳುತ್ತದೆ. ಆಕ್ಟಿನ್ ಎಳೆಗಳ ಮೇಲೆ ನಡೆಯುವ ಮಯೋಸಿನ್ 1ಡಿ ಎಂಬ ಪ್ರೋಟೀನು ಕೆಟ್ಟರೆ ಇವೆರಡೂ ತಿರುಗಾಮುರುಗಾ ಆಗುತ್ತವೆಯೆಂದು 2006ರಲ್ಲಿ ಜಪಾನ್ ಮತ್ತು ಫ್ರಾನ್ಸಿನ ಎರಡು ತಂಡಗಳು ತೋರಿಸಿದವು. 2018ರಲ್ಲಿ ಫ್ರಾನ್ಸಿನ ತಂಡ ಇನ್ನೂ ಮುಂದೆ ಹೋಯಿತು. ಸಾಮಾನ್ಯವಾಗಿ ಎಡಬಲದ ಭೇದವೇ ಇಲ್ಲದ, ಹಣ್ಣುನೊಣದ ಮರಿಹುಳುವಿನ ಚರ್ಮದಲ್ಲಿ ಈ ಪ್ರೋಟೀನನ್ನು ತಯಾರಾಗುವಂತೆ ಮಾಡಿದಾಗ, ಮರಿಹುಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. ಗಾಜಿನ ಮೇಲೆ ಶುದ್ಧ ಮಯೋಸಿನ್ 1ಡಿಯನ್ನು ಹರಡಿ ಆಕ್ಟಿನ್ ಎಳೆಗಳನ್ನು ಬಿಟ್ಟರೆ, ಆ ಎಳೆಗಳು ನೇರ ಸಾಗದೆ ಒಂದೇ ಕಡೆಗೆ ಬಾಗಿ ವೃತ್ತ ಬಿಡಿಸುತ್ತವೆ. ಜೀವವಿಲ್ಲದ ಗಾಜಿನ ಮೇಲಿನ ವೃತ್ತ, ಜೀವವಿರುವ ಹುಳುವಿನ ಮೈಯ ತಿರುಚು, ಎರಡಕ್ಕೂ ಒಂದೇ ಅಣು.

ನಮ್ಮ ದೇಹದಲ್ಲಿ ಹೃದಯ ಎಡಕ್ಕೆ ವಾಲುವ ದಾರಿ ಬೇರೆ. ಇಲಿಯ ಭ್ರೂಣದ ನೋಡ್ ಎಂಬ ಪುಟ್ಟ ಗುಳಿಯಲ್ಲಿ ಲೋಮಾಂಗಗಳು, ಅಂದರೆ ಕೋಶದ ಮೇಲಿನ ಕೂದಲಿನಂಥ ಎಳೆಗಳು, ಗಿರಗಿರನೆ ಸುತ್ತಿ ದ್ರವವನ್ನು ಎಡಕ್ಕೆ ಹರಿಸುತ್ತವೆಂದು 1998ರಲ್ಲಿ ಹಿರೊಕಾವ ಅವರ ತಂಡ ಕಂಡಿತು. ಅಲ್ಲಿ ಹಗ್ಗ ಆಕ್ಟಿನ್ ಅಲ್ಲ, ಕೋಶಪಂಜರದ ಇನ್ನೊಂದು ಬಗೆಯ ಎಳೆಯಾದ ಮೈಕ್ರೋಟ್ಯೂಬ್ಯೂಲ್. ಅದನ್ನು ಅಲುಗಿಸುವುದು ಡೈನಿನ್ ಎಂಬ ಪ್ರೋಟೀನು. ಆ ಡೈನಿನ್ ಇಲ್ಲದೆ ಲೋಮಾಂಗ ನಿಂತುಹೋದವರಲ್ಲಿ ಸುಮಾರು ಅರ್ಧ ಮಂದಿಗೆ ಹೃದಯ ಬಲಕ್ಕಿರುತ್ತದೆ, ಅಂದರೆ ದಿಕ್ಕು ನಾಣ್ಯ ಚಿಮ್ಮಿದಂತೆ ಗೊತ್ತಾಗುತ್ತದೆ. ಅದನ್ನು 1976ರಲ್ಲಿ ಗುರುತಿಸಿದವರು ಸ್ವೀಡನ್ನಿನ ಅಫ್ಜೀಲಿಯಸ್.

ಜೀನನ್ನೇ ಎಲ್ಲದಕ್ಕೂ ಹೊಣೆ ಮಾಡಬಾರದೆಂದು ಕಲಿಸಿದ ಇನ್ನೊಂದು ಹುಳುವಿದೆ. ಲಂಡನ್ನಿನ ಗೊಬ್ಬರದ ರಾಶಿಯೊಂದರಲ್ಲಿ ಸಿಕ್ಕಿದ ಎಡಸುತ್ತಿನ ತೋಟದ ಬಸವನ ಹುಳು ಅದು. ಡೇವಿಸನ್ ಅದಕ್ಕೆ ಜೆರೆಮಿ ಎಂದು ಹೆಸರಿಟ್ಟು 2016ರಲ್ಲಿ ಅದಕ್ಕೊಂದು ಎಡಸುತ್ತಿನ ಜೋಡಿ ಹುಡುಕಿಕೊಡಿ ಎಂದು ಜನರನ್ನು ಕೇಳಿಕೊಂಡರು. ಎಡಸುತ್ತಿನ ಹುಳುವಿಗೆ ಬಲಸುತ್ತಿನದರೊಡನೆ ಕೂಡುವುದು ಕಷ್ಟ, ಅಂಗಗಳು ಎದುರುಬದುರಾಗುವುದಿಲ್ಲ. ಜೋಡಿಗಳು ಸಿಕ್ಕಿದವು, ಮರಿಗಳೂ ಆದವು, 2017ರಲ್ಲಿ ಜೆರೆಮಿ ಸತ್ತಿತು. ಮರಿಗಳೆಲ್ಲ ಬಲಸುತ್ತಿನವು. ತೋಟದ ಹುಳುವಿನಲ್ಲಿ ಎಡಸುತ್ತು ಬಹುತೇಕ ವಂಶದ ಗುಣವಲ್ಲ, ಬೆಳವಣಿಗೆಯ ಆರಂಭದಲ್ಲಿ ಆದ ಆಕಸ್ಮಿಕವೆಂದು ಡೇವಿಸನ್ 2020ರಲ್ಲಿ ಬರೆದರು. ಗಾಜಿನ ಕಡ್ಡಿಯ ಪ್ರಯೋಗ ಓದಿದವರಿಗೆ ಇದು ಅಚ್ಚರಿಯಾಗಲಾರದು. ಪ್ರಯೋಗಾಲಯದಲ್ಲಿ ಕೈಯಿಂದ ತಳ್ಳಿದಂತೆ, ಗೊಬ್ಬರದ ರಾಶಿಯಲ್ಲಿ ಮತ್ತೇನೋ ಆ ಮೊಟ್ಟೆಯನ್ನು ತಳ್ಳಿರಬಹುದು.

ದೀಪಾವಳಿಗೆ ಊರಿಗೆ ಹೋದಾಗ ಅತ್ತೆ ಜಗುಲಿಯಲ್ಲಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಅಮೆರಿಕದ ಚಿಪ್ಪು ದೇವರ ಗೂಡಿನಲ್ಲಿ ಮೊದಲಿದ್ದ ಜಾಗದಲ್ಲೇ ಇತ್ತು, ಅದರಲ್ಲಿ ತುಂಬೆ ಹೂವು ಇಟ್ಟಿದ್ದರು. ಫಾರ್ಮಿನ್ನಿನ ಕಥೆಯನ್ನು ನಟ್ಟು ಮೊಳೆಯ ಉದಾಹರಣೆಯಿಂದ ಹೇಳಹೊರಟೆ, ಅರ್ಧಕ್ಕೆ ಬಿಟ್ಟು ಅವರ ಕೈಯಲ್ಲಿದ್ದ ಬತ್ತಿಯನ್ನೇ ತೋರಿಸಿದೆ. ಪಕ್ಕದ ಹರಿವಾಣದಲ್ಲಿದ್ದ ಬತ್ತಿಗಳಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಇನ್ನೊಂದನ್ನು ನೋಡಿದರು, ಎಲ್ಲದರ ಹುರಿಯೂ ಒಂದೇ ಕಡೆಗಿತ್ತು. "ನನ್ನಮ್ಮ ಹೊಸೆಯುತ್ತಿದ್ದದ್ದೂ ಹೀಗೆಯೇ, ಅಂಗೈಯನ್ನು ಆ ಕಡೆಯಿಂದ ಈ ಕಡೆಗೆ ತಂದು" ಎಂದರು. ಆಮೇಲೆ ಒಂದು ಹಿಡಿ ಹತ್ತಿ ತೆಗೆದುಕೊಂಡು, ಕೈಯನ್ನು ತಿರುಗಿಸಿ, ಮೊದಲ ಸಲ ವಿರುದ್ಧ ದಿಕ್ಕಿಗೆ ಹೊಸೆಯಲು ನೋಡಿದರು.